ಸಂಕಷ್ಟದ ವರ್ಷಕ್ಕೆ ಸೂತ್ರ ಎಲ್ಲಿದೆ?

(ಮಂಡ್ಯದಲ್ಲಿ ಓದುಗರ ಬಳಗವೊಂದು ಒಂದು ಭಾನುವಾರ ಸಂಜೆ ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅಂಕಿಗಳನ್ನು ಮಾತ್ರ ಮನೆಗೆ ಬಂದು ಇನ್ನೊಮ್ಮೆ ನೋಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಗೆ ಕರೆದ ಗೆಳೆಯರು ಫೋನಿನಲ್ಲಿ ಮೊದಲು ಹೇಳಿದ್ದು, 'ಸಾರ್, ವಿಷಯ ಒಸಿ ಹತ್ತಿರದ್ದಾಗಿರಲಿ' ಅಂತ. ಹವಾಮಾನ ಬದಲಾವಣೆಯ ಮಾತನ್ನು, ಜಾಗತಿಕ ಸಮ್ಮೇಳನ ನಡೆದ ಪ್ಯಾರಿಸ್, ಬಾಕು, ಬೆಲೆಮ್ ಅಂತ ಶುರು ಮಾಡಿದರೆ ಜನ ಕಾಫಿ ಬರುವ ಮೊದಲೇ ಎದ್ದು ಹೋಗುತ್ತಾರೆ ಎಂಬ ಭಯ ಅವರಿಗೆ. ಬೇರೆ ಊರಿನಲ್ಲಾದರೆ ಆ ಭಯ ಸರಿ, ಮಂಡ್ಯದಲ್ಲಿ ಬೇಡ ಎಂದೆ. ಇಲ್ಲಿ ಟೀ ಅಂಗಡಿ ಬೆಂಚಿನ ಮೇಲೆ ಕೂತವರು ಕೂಡ ಕ್ಯೂಸೆಕ್, ಟಿಎಂಸಿ, ಒಳಹರಿವು, ಹೊರಹರಿವು ಎನ್ನುತ್ತಾರೆ. ಪತ್ರಿಕೆ ಬಿಡಿಸಿದ ಕೂಡಲೇ ಕೆಆರ್‌ಎಸ್ ಮಟ್ಟ ನೋಡುವ ಜನ ನೀವು. ಒಂದು ಸೊತ್ತನ್ನು ಹಲವರು ಹಂಚಿಕೊಳ್ಳಬೇಕು, ಮೇಲಿನವನ ವಾದ ಒಂದು, ಕೆಳಗಿನವನದು ಇನ್ನೊಂದು, ನಡುವೆ ನೂರು ವರ್ಷದ ಹಳೇ ಲೆಕ್ಕ ಬಾಕಿ. ಹವಾಮಾನದ ಮಾತುಕತೆ ಎಂದರೆ ಇದೇ. ಇದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ.

2023ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಮುಂಗಾರು ಕೈಕೊಟ್ಟಿತ್ತು. ಅಣೆಕಟ್ಟೆ ಅರ್ಧವೂ ನೆಟ್ಟಗೆ ಇರಲಿಲ್ಲ. ಕಾವೇರಿ ನೀರು ನಿಯಂತ್ರಣ ಸಮಿತಿ ತಮಿಳುನಾಡಿಗೆ ದಿನವೂ 5,000 ಕ್ಯೂಸೆಕ್‌ನಂತೆ ಬಿಡಿ ಎಂದಿತು. ಸರ್ ಎಂ.ವಿ. ಪ್ರತಿಮೆ ಎದುರು ಧರಣಿ, 23ರಂದು ಮಂಡ್ಯ ಬಂದ್. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆಗಲೇ ಐದು ವರ್ಷ ಆಗಿತ್ತಲ್ಲ? 2018ರ ಫೆಬ್ರವರಿ 16ರಂದೇ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಪಾಯಿಂಟಿನ ನಂತರದ ಎರಡು ಅಂಕಿಯವರೆಗೆ ತೀರ್ಮಾನ ಆಗಿತ್ತಲ್ಲ? ಮತ್ತೆ ಜಗಳ ಯಾಕೆ? ಯಾಕೆಂದರೆ ಆ ಅಂಕಿ ಮಳೆ ಚೆನ್ನಾಗಿ ಬಂದ ವರ್ಷದ್ದು. ಕೊರತೆಯ ವರ್ಷದಲ್ಲಿ ಅದೇ ಪ್ರಮಾಣದಲ್ಲಿ ಎಲ್ಲರೂ ಕಡಿಮೆ ಮಾಡಿಕೊಳ್ಳಿ ಎಂದು ನ್ಯಾಯಮಂಡಳಿ ಹೇಳಿದ್ದುಂಟು. ಆದರೆ ಕೊರತೆಯನ್ನು ಯಾವ ತಿಂಗಳಿಂದ ಲೆಕ್ಕ ಹಾಕಬೇಕು, ನಿಂತ ಬೆಳೆಗೆ ಎಷ್ಟು, ಕುಡಿಯುವ ನೀರಿಗೆ ಎಷ್ಟು ಎಂಬ ಸಂಕಷ್ಟ ಸೂತ್ರವನ್ನು ಎರಡೂ ಕಡೆ ಒಪ್ಪಿದ್ದು ಇವತ್ತಿಗೂ ಇಲ್ಲ. ನೀರು ತುಂಬಿ ಹರಿಯುವ ವರ್ಷಕ್ಕೆ ಒಪ್ಪಂದವೇ ಬೇಕಿಲ್ಲ, ಕೆಆರ್‌ಎಸ್ ತುಂಬಿದರೆ ನೀರು ತಾನಾಗೇ ಹೋಗುತ್ತದೆ. ಒಪ್ಪಂದದ ಬೆಲೆ ಗೊತ್ತಾಗುವುದು ಬರದಲ್ಲಿ.

1992ರಿಂದ ಇಲ್ಲಿಯವರೆಗೆ ಜಗತ್ತು ಮಾಡಿಕೊಂಡ ಹವಾಮಾನ ಒಪ್ಪಂದಗಳನ್ನು ನಾನು ಇದೇ ಕಣ್ಣಿನಿಂದ ನೋಡುತ್ತೇನೆ.

ಲೆಕ್ಕ ಹೀಗಿದೆ. ವಾತಾವರಣವನ್ನು ಒಂದು ಅಣೆಕಟ್ಟೆ ಅಂದುಕೊಳ್ಳಿ. ನಮ್ಮ ಕಟ್ಟೆ 124.80 ಅಡಿಗೆ ಭರ್ತಿ. ಆಕಾಶದ ಆ ಕಟ್ಟೆಗೆ ಗೇಟು ಎನ್ನುವುದೇ ಇಲ್ಲ, ಒಳಹರಿವು ಮಾತ್ರ. ಕಾಡು, ಕಡಲು ಒಂದಷ್ಟನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನೂರಾರು ವರ್ಷ ಅಲ್ಲೇ ನಿಲ್ಲುತ್ತದೆ. ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಆ ಕಾಲದಿಂದ ಜಗತ್ತಿನ ತಾಪ 1.5 ಡಿಗ್ರಿಗಿಂತ ಹೆಚ್ಚು ಏರದಿರಲು (ಪ್ಯಾರಿಸ್ ಒಪ್ಪಂದ ಹಾಕಿಕೊಂಡ ಮಿತಿ ಇದು) ಅರ್ಧಕ್ಕರ್ಧ ಅವಕಾಶ ಉಳಿಯಬೇಕಾದರೆ 2020ರಿಂದಾಚೆಗೆ ಇನ್ನು 50,000 ಕೋಟಿ ಟನ್ ಮಾತ್ರ ತುಂಬಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ ಹೇಳಿತ್ತು. ನಾವು ತುಂಬುತ್ತಿರುವುದು ವರ್ಷಕ್ಕೆ ಸುಮಾರು 4,000 ಕೋಟಿ ಟನ್. 2025ರ ಆರಂಭದ ಹೊತ್ತಿಗೆ ವಿಜ್ಞಾನಿಗಳು ಹೊಸದಾಗಿ ಲೆಕ್ಕ ಹಾಕಿದಾಗ ಉಳಿದಿದ್ದ ಜಾಗ ಸುಮಾರು 13,000 ಕೋಟಿ ಟನ್. ಭಾಗಾಕಾರ ನೀವೇ ಮಾಡಿಕೊಳ್ಳಿ. ಮೂರು ವರ್ಷ ಚಿಲ್ಲರೆ.

ಇದನ್ನು ತುಂಬಿದವರು ಯಾರು? ಇಲ್ಲಿಯವರೆಗೆ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಬಂದದ್ದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದೇ. ಭಾರತದ್ದು ಶೇ 3ರ ಆಸುಪಾಸು. ಈಗಲೂ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್, ನಮ್ಮಲ್ಲಿ 2 ಟನ್.

ಇಲ್ಲೊಂದು ಸ್ವಾರಸ್ಯ ಇದೆ. ಕಾವೇರಿಯಲ್ಲಿ ಮೈಸೂರು ಶುರುವಿನಿಂದ ಹೇಳಿಕೊಂಡು ಬಂದದ್ದು ಏನು? 'ಮದ್ರಾಸಿನವರು ಮೊದಲು ಅಚ್ಚುಕಟ್ಟು ಮಾಡಿಕೊಂಡರು, ನಾವು ತಡವಾಗಿ ಶುರು ಮಾಡಿದೆವು. ಅಷ್ಟಕ್ಕೇ ನದಿಯ ಮೇಲೆ ಅವರಿಗೆ ಶಾಶ್ವತ ಹಕ್ಕು ಬರುತ್ತದೆಯೇ? 1924ರ ಒಪ್ಪಂದ ನಮ್ಮ ಬೆಳವಣಿಗೆಗೆ ಕಟ್ಟು ಹಾಕಿತು.' ಇದೇ ವಾದವನ್ನು ದಿಲ್ಲಿಯವರು ಹವಾಮಾನದ ಸಭೆಗಳಲ್ಲಿ ಮುಂದಿಡುತ್ತಾರೆ. ಮೊದಲು ಹೊಗೆ ಬಿಟ್ಟವರದೇ ಆಕಾಶವಲ್ಲ, ತಡವಾಗಿ ಬಂದವರಿಗೂ ಜಾಗ ಬೇಕು ಎಂದು. 1992ರಲ್ಲಿ ರಿಯೊದಲ್ಲಿ ಸಹಿಯಾದ ಒಡಂಬಡಿಕೆಯಲ್ಲಿ ಇದಕ್ಕೊಂದು ಸಾಲು ಸಿಕ್ಕಿತು: ಹೊಣೆ ಎಲ್ಲರದೂ ಹೌದು, ಆದರೆ ಒಬ್ಬೊಬ್ಬರದು ಒಂದೊಂದು ಅಳತೆಯದು. ಮಾತುಕತೆಯ ಮೇಜಿನಲ್ಲಿ ಬಡ ದೇಶಗಳು ಗೆದ್ದುಕೊಂಡ ದೊಡ್ಡ ಸಂಗತಿ ಇದು. ಮುಂದಿನ ಮೂವತ್ತು ವರ್ಷದ ಜಗಳವೆಲ್ಲ ಈ ಒಂದು ಸಾಲಿನ ಅರ್ಥ ಏನು ಎಂಬುದರ ಮೇಲೆಯೇ.

1997ರ ಕ್ಯೋಟೊದಲ್ಲಿ ಆ ಸಾಲಿಗೆ ಹಲ್ಲು ಮೂಡಿಸುವ ಪ್ರಯತ್ನ ನಡೆಯಿತು. ಶ್ರೀಮಂತ ದೇಶಗಳಿಗೆ ಮಾತ್ರ ಕಡ್ಡಾಯ ಗುರಿ. ಗುರಿ ತಪ್ಪಿದರೆ ದಂಡ: ತಪ್ಪಿದಷ್ಟನ್ನು, ಅದರ ಮೇಲೆ ಇನ್ನೂ ಶೇ 30ನ್ನು ಮುಂದಿನ ಅವಧಿಯಲ್ಲಿ ತೀರಿಸಬೇಕು. ಓದಲು ಚೆನ್ನಾಗಿದೆ. ಅಮೆರಿಕ ಅನುಮೋದಿಸಲೇ ಇಲ್ಲ. ಕೆನಡಾ ಒಳಗೆ ಬಂದು ಗುರಿ ತಪ್ಪಿತು, ದಂಡದ ದಿನ ಹತ್ತಿರ ಬಂದಾಗ 2011ರ ಡಿಸೆಂಬರಿನಲ್ಲಿ ಒಪ್ಪಂದದಿಂದಲೇ ಹೊರನಡೆಯಿತು. ಕಟ್ಟಳೆ ಇತ್ತು, ಆದರೆ ಬಾಗಿಲೂ ತೆರೆದಿತ್ತು. ಕೆಲವು ಸ್ನೇಹಿತರು ಈಗಲೂ 'ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ' ಎನ್ನುತ್ತಾರೆ. ಅವರಿಗೆ ನಾನು ಕೆನಡಾದ ಕಥೆ ಹೇಳುತ್ತೇನೆ.

ಈ ಪಾಠ ಕಲಿತೇ 2015ರ ಪ್ಯಾರಿಸ್ ಒಪ್ಪಂದ ತಲೆಕೆಳಗಾಗಿ ಬಂತು. ಮೇಲಿನಿಂದ ಯಾರೂ ಗುರಿ ಹೇರುವುದಿಲ್ಲ. ಪ್ರತಿ ದೇಶವೂ ತನ್ನ ಕೈಲಾದದ್ದನ್ನು ತಾನೇ ಬರೆದು ಕೊಡಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಏರಿಸಬೇಕು. ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದ ಹಾಗೆ. ಯಾರೂ ಇಷ್ಟೇ ಹಾಕು ಅನ್ನುವುದಿಲ್ಲ, ಆದರೆ ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ. ಕೊನೆಯ ಗಳಿಗೆಯಲ್ಲಿ ಅಲ್ಲಿ ಒಂದು ಪದದ ಮೇಲೆ ಇಡೀ ಒಪ್ಪಂದ ನಿಂತುಬಿಟ್ಟಿತ್ತು. ಶ್ರೀಮಂತ ದೇಶಗಳ ಗುರಿಯ ಬಗ್ಗೆ ಕರಡಿನಲ್ಲಿ 'ಮಾಡತಕ್ಕದ್ದು' ಎಂದಿತ್ತು. ಹಾಗೇ ಬಿಟ್ಟರೆ ಅಮೆರಿಕದ ಸರ್ಕಾರ ತನ್ನ ಸೆನೆಟ್‌ ಮುಂದೆ ಹೋಗಬೇಕಾಗುತ್ತಿತ್ತು, ಅಲ್ಲಿ ಅದು ಸತ್ತೇ ಹೋಗುತ್ತಿತ್ತು. ಹಾಗಾಗಿ ಅದನ್ನು 'ಮಾಡುವುದು ಒಳಿತು' ಎಂಬ ಅರ್ಥದ ಪದಕ್ಕೆ ಇಳಿಸಿ, ಬೆರಳಚ್ಚಿನ ತಪ್ಪು ತಿದ್ದಿದೆವು ಎಂಬಂತೆ ಓದಿ, ಸುತ್ತಿಗೆ ಬಡಿದು ಮುಗಿಸಿದರು. ಸರ್ಕಾರಿ ಆದೇಶ ಓದಿ ಅಭ್ಯಾಸ ಇರುವ ನಿಮಗೆ 'ತಕ್ಕದ್ದು' ಪದದ ತೂಕ ಗೊತ್ತು. ಇಷ್ಟೆಲ್ಲ ಮಾಡಿ ಒಳಗೆ ಕರೆತಂದ ಅಮೆರಿಕ 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿ 20ರಂದು ಮತ್ತೆ ಹೊರಡುವ ಆದೇಶಕ್ಕೆ ಸಹಿ ಬಿತ್ತು.

ಹಾಗಾದರೆ ಏನೂ ಆಗಿಲ್ಲವೇ ಎಂದರೆ, ಆಗಿದೆ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಅಪ್ರಾಮಾಣಿಕತೆ ಆಗುತ್ತದೆ. ಪ್ಯಾರಿಸ್‌ಗೆ ಮೊದಲು ಜಗತ್ತು ಈ ಶತಮಾನದ ಕೊನೆಗೆ ಹೆಚ್ಚುಕಡಿಮೆ 4 ಡಿಗ್ರಿ ಏರಿಕೆಯ ದಾರಿಯಲ್ಲಿತ್ತು. ವಿಶ್ವಸಂಸ್ಥೆಯ ಪರಿಸರ ವಿಭಾಗದ 2025ರ ವರದಿ ಪ್ರಕಾರ, ಈಗಿರುವ ನೀತಿಗಳನ್ನೇ ಹಿಡಿದು ಹೋದರೆ 2.8, ಕೊಟ್ಟ ಮಾತನ್ನೆಲ್ಲ ಪೂರ್ತಿ ನಡೆಸಿದರೆ 2.3ರಿಂದ 2.5. ಒಂದು ಡಿಗ್ರಿ ಎಂದರೆ ಸಣ್ಣದಲ್ಲ. ಇದರಲ್ಲಿ ಒಪ್ಪಂದದ ಪಾಲೆಷ್ಟು, ಸೌರಫಲಕ ಅಗ್ಗವಾದದ್ದರ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ. 2010ರಿಂದೀಚೆಗೆ ಸೌರ ವಿದ್ಯುತ್ತಿನ ಉತ್ಪಾದನಾ ವೆಚ್ಚ ಶೇ 90ರಷ್ಟು ಬಿದ್ದಿದೆ. ಆ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಚೀನಾದ ಕಾರ್ಖಾನೆಗಳದು, ಸಮ್ಮೇಳನದ ಭಾಷಣಗಳದ್ದಲ್ಲ. ಭಾರತವೂ 2030ಕ್ಕೆ ಎಂದು ಹೇಳಿದ್ದ ಗುರಿಯನ್ನು, ಅಂದರೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಎಣ್ಣೆ, ಅನಿಲ ಬಿಟ್ಟು ಬೇರೆ ಮೂಲದ್ದಿರಬೇಕು ಎಂಬುದನ್ನು 2025ರಲ್ಲೇ ಮುಟ್ಟಿತು. ಹೆಮ್ಮೆ ಪಡೋಣ. ಆದರೆ ಸಾಮರ್ಥ್ಯ ಬೇರೆ, ಯೂನಿಟ್ ಬೇರೆ. ವರ್ಷವಿಡೀ ನಿಜಕ್ಕೂ ಉತ್ಪಾದನೆಯಾದ ಯೂನಿಟ್ಟುಗಳ ಲೆಕ್ಕ ತೆಗೆದರೆ ಇವತ್ತಿಗೂ ದೇಶದ ವಿದ್ಯುತ್ತಿನಲ್ಲಿ ಶೇ 70ರ ಆಸುಪಾಸು ಕಲ್ಲಿದ್ದಲಿನದೇ. (ಒಂದು ಅಡ್ಡಮಾತು: ಇದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಹೊಗೆ ಇಲ್ಲದ ವಿದ್ಯುತ್ತು ಮಂಡ್ಯಕ್ಕೆ ಹೊಸ ಸುದ್ದಿಯಲ್ಲ.)

ಈಗ ಕೊರತೆಯ ಮಾತು. 2024ರಲ್ಲಿ ಜಗತ್ತು ಬಿಟ್ಟ ಹಸಿರುಮನೆ ಅನಿಲ, ಅಂದರೆ ಇಂಗಾಲದ ಡೈಆಕ್ಸೈಡ್ ಜೊತೆಗೆ ಮೀಥೇನ್‌ನಂಥ ತಾಪ ಹಿಡಿದಿಡುವ ಬೇರೆ ಅನಿಲಗಳೂ ಎಲ್ಲ ಸೇರಿ 5,770 ಕೋಟಿ ಟನ್, ಅದುವರೆಗಿನ ದಾಖಲೆ. 1.5 ಡಿಗ್ರಿಯ ದಾರಿ ಹಿಡಿಯಬೇಕಾದರೆ 2035ರ ಹೊತ್ತಿಗೆ 2019ಕ್ಕಿಂತ ಶೇ 55ರಷ್ಟು ಇಳಿಯಬೇಕು. ದೇಶಗಳು ಬರೆದು ಕೊಟ್ಟದ್ದನ್ನೆಲ್ಲ ಕೂಡಿದರೆ ಇಳಿಯುವುದು ಶೇ 15ರಷ್ಟು. ಆ ಹೊಸ ಮಾತುಗಳನ್ನು ಕೊಡಲು 2025ರ ಫೆಬ್ರವರಿ ಗಡುವಿತ್ತು. ಸುಮಾರು ಇನ್ನೂರು ದೇಶಗಳಲ್ಲಿ ಆ ದಿನಕ್ಕೆ ಸರಿಯಾಗಿ ಕೊಟ್ಟವು ಬೆರಳೆಣಿಕೆಯಷ್ಟು. 2024ನೇ ಇಸವಿಯೇ ಸರಾಸರಿ 1.5 ಡಿಗ್ರಿ ದಾಟಿದ ಮೊದಲ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದದ ಮಿತಿ ಮುರಿಯಿತು ಎಂದಲ್ಲ, ಅದನ್ನು ದೀರ್ಘ ಸರಾಸರಿಯಲ್ಲಿ ನೋಡುತ್ತಾರೆ. ಆದರೆ ಒಳಹರಿವು ಹೀಗೇ ಇದ್ದರೆ ಕಟ್ಟೆ ಭರ್ತಿಯಾಗುವ ದಿನ ಹೇಳಲು ಜ್ಯೋತಿಷಿ ಬೇಕಿಲ್ಲ.

ಗಡುವು ಮೀರಿದವರಿಗೆ ಏನಾಯಿತು? ಏನೂ ಆಗಲಿಲ್ಲ. ಪ್ಯಾರಿಸ್ ಒಪ್ಪಂದದ 15ನೇ ವಿಧಿಯಲ್ಲಿ ಪಾಲನಾ ಸಮಿತಿ ಒಂದಿದೆ. ಅದು ಯಾರನ್ನೂ ಎದುರಾಳಿಯಾಗಿ ಕಾಣಕೂಡದು, ದಂಡಿಸಕೂಡದು ಎಂದು ಅಲ್ಲೇ ಬರೆದಿದೆ. ಕಾವೇರಿಯಲ್ಲಿ ನಮಗೆ ಎಷ್ಟೇ ಸಿಟ್ಟಿರಲಿ, ಗಡಿಯ ಬಿಳಿಗುಂಡ್ಲುವಿನಲ್ಲಿ ನೀರು ಅಳೆಯುವ ಒಂದು ಮಾಪನ ಕೇಂದ್ರ ಇದೆ. ಅದನ್ನು ಓದುವವರು ನಾವೂ ಅಲ್ಲ, ತಮಿಳುನಾಡೂ ಅಲ್ಲ, ಕೇಂದ್ರ ಜಲ ಆಯೋಗದವರು. ಹವಾಮಾನದಲ್ಲಿ ಪ್ರತಿ ದೇಶವೂ ತನ್ನ ಗೇಜನ್ನು ತಾನೇ ಓದಿ ವರದಿ ಕಳಿಸುತ್ತದೆ. 2024ರ ಕೊನೆಯಿಂದ ಎರಡು ವರ್ಷಕ್ಕೊಮ್ಮೆ ಪಾರದರ್ಶಕ ವರದಿ ಕೊಡುವ ಪದ್ಧತಿ ಬಂದಿದೆ, ಪರಿಣತರು ಅದನ್ನು ಪರಿಶೀಲಿಸುತ್ತಾರೆ. ಮೊದಲಿಗಿಂತ ವಾಸಿ. ಆದರೆ ಪರಿಶೀಲಿಸಿದವರು 'ಇದು ಸಾಲದು' ಎಂದು ಹೇಳುವ ಹಾಗಿಲ್ಲ.

ಇನ್ನೊಂದು ವಿಚಿತ್ರ ಕೇಳಿ. 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಹವಾಮಾನ ಸಮ್ಮೇಳನ ನಡೆದಾಗ ಕಲಾಪದ ನಿಯಮಗಳಲ್ಲಿ ಮತ ಹಾಕುವ ನಿಯಮದ ಬಗ್ಗೆ ಒಮ್ಮತ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹಾಗಾಗಿ ಎಲ್ಲ ತೀರ್ಮಾನಕ್ಕೂ ಒಮ್ಮತ ಬೇಕು. ಒಂದು ತೈಲ ದೇಶ ಕೈ ಎತ್ತಿದರೆ ಸಾಕು. ಹವಾಮಾನ ಕೆಡುವುದಕ್ಕೆ ಮುಖ್ಯ ಕಾರಣವೇ ಆದ ಕಲ್ಲಿದ್ದಲು, ಎಣ್ಣೆ, ಅನಿಲ ಮೂರರಿಂದಲೂ ದೂರ ಸರಿಯಬೇಕು ಎಂದು ಸಮ್ಮೇಳನದ ನಿರ್ಣಯದಲ್ಲಿ ಬರೆಯಲು 28ನೇ ಸಮ್ಮೇಳನದವರೆಗೆ, 2023ರ ದುಬೈವರೆಗೆ ಕಾಯಬೇಕಾಯಿತು. ಎರಡು ವರ್ಷದ ನಂತರ ಬ್ರೆಜಿಲ್‌ನ ಬೆಲೆಮ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳು 'ಸರಿಯುವುದು ಹೇಗೆ ಎಂಬ ದಾರಿನಕ್ಷೆ ಹಾಕೋಣ' ಎಂದರೂ ಅಂತಿಮ ಪಠ್ಯದಲ್ಲಿ ಆ ಮಾತು ಸೇರಲಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವುದು' ಎಂಬುದನ್ನು 'ಇಳಿಸುವುದು' ಎಂದು ಮಾಡಿಸಿದ್ದು ನಮ್ಮ ದೇಶ. ಎಲ್ಲರೂ ನಮ್ಮನ್ನು ಬೈದರು. ಎಣ್ಣೆ, ಅನಿಲದ ಹೆಸರೆತ್ತದೆ ಬಡವರು ಸುಡುವ ಕಲ್ಲಿದ್ದಲನ್ನು ಮಾತ್ರ ಹಿಡಿದದ್ದು ಅನ್ಯಾಯವೇ. ಆದರೆ ಆ ಅನ್ಯಾಯವನ್ನು ನಾವು ಅಲ್ಲಿ ತೋರಿಸಿಕೊಟ್ಟ ರೀತಿ ನನಗೆ ಇವತ್ತಿಗೂ ಹಿಡಿಸಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ನೀವು ನಗುತ್ತೀರಿ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದವು. ಅವರದೇ ಒಕ್ಕೂಟದ ಲೆಕ್ಕದಲ್ಲಿ ಆ ಮೊತ್ತ ದಾಟಿದ್ದು 2022ರಲ್ಲಿ. ಸರ್ಕಾರಗಳಿಂದ ಬಂದದ್ದರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಸಾಲ. ಬೆಂಕಿ ಹಚ್ಚಿದವರು ಬಕೆಟ್ಟನ್ನು ಬಡ್ಡಿಗೆ ಕೊಟ್ಟ ಹಾಗೆ. 2024ರಲ್ಲಿ ಬಾಕುವಿನಲ್ಲಿ ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1,30,000 ಕೋಟಿ ಡಾಲರ್, ಒಪ್ಪಿದ್ದು 2035ರ ಹೊತ್ತಿಗೆ 30,000 ಕೋಟಿ. ಸುತ್ತಿಗೆ ಬಿದ್ದ ಮೇಲೆ ಎದ್ದು ನಿಂತ ಭಾರತದ ಪ್ರತಿನಿಧಿ ಚಾಂದನಿ ರೈನಾ, ಇದು ಬರೀ ಕಣ್ಕಟ್ಟು ಎಂಬ ಅರ್ಥದ ಮಾತಾಡಿದರು.

ನಮ್ಮ ಊರಿಗೆ ತಟ್ಟುವುದು ಇದರಲ್ಲಿ ಒಂದು ಭಾಗ: ಬರ, ನೆರೆ, ಸೆಕೆಗೆ ಹೊಂದಿಕೊಳ್ಳುವ ಕೆಲಸದ ಹಣ. ನಾಲೆ ದುರಸ್ತಿ, ಕೆರೆ ಹೂಳು, ಬರ ತಡೆಯುವ ತಳಿ, ಬೆಳೆ ವಿಮೆ ಎಲ್ಲ ಇದರೊಳಗೆ ಬರುತ್ತದೆ. ಬಡ ದೇಶಗಳಿಗೆ 2035ರ ಹೊತ್ತಿಗೆ ಇದಕ್ಕೆ ವರ್ಷಕ್ಕೆ 31,000ದಿಂದ 36,500 ಕೋಟಿ ಡಾಲರ್ ಬೇಕು. 2023ರಲ್ಲಿ ಹರಿದದ್ದು 2,600 ಕೋಟಿ. ಹೆಚ್ಚೆಂದರೆ ಹನ್ನೆರಡರಲ್ಲಿ ಒಂದು ಪಾಲು. ಬೆಲೆಮ್‌ನಲ್ಲಿ ಇದನ್ನು ಮೂರು ಪಟ್ಟು ಮಾಡುವ ಮಾತಾಗಿದೆ, ಅದೂ 2035ಕ್ಕೆ. ಸೌರ ಸ್ಥಾವರ ಕಟ್ಟಿದರೆ ಕರೆಂಟು ಮಾರಿ ಬಂಡವಾಳ ವಾಪಸು ಬರುತ್ತದೆ, ಹಾಗಾಗಿ ಅಲ್ಲಿಗೆ ದುಡ್ಡು ಓಡುತ್ತದೆ. ಉಪನಾಲೆಗೆ ಸಿಮೆಂಟು ಹಾಕಿದರೆ ಯಾವ ಬ್ಯಾಂಕಿಗೆ ಲಾಭ? ನಮ್ಮ ಮನೆಯ ಗದ್ದೆ ಮಳವಳ್ಳಿ ಕಡೆ, ನಾಲೆಯ ಕೊನೆಯ ಭಾಗದಲ್ಲಿ. ಸರದಿಯ ಮೇಲೆ ನಾಲೆಗೆ ಹರಿಸುವ ಕಟ್ಟು ನೀರು ಬಂದಾಗ ಮೇಲಿನ ತೂಬುಗಳೆಲ್ಲ ಕುಡಿದು ಮುಗಿದ ಮೇಲೆ ನಮ್ಮ ಸರದಿ. ಎಷ್ಟೋ ಸಲ ನೀರುಗಂಟಿ ಬಂದು 'ಬರ್ತದೆ, ಬರ್ತದೆ' ಎಂದು ಹೇಳಿ ಹೋದ ವಾರಕ್ಕೆ ಪೈರು ಒಣಗಿದ್ದುಂಟು. ಪೆಸಿಫಿಕ್ ಸಾಗರದ ವನುವಾಟು ದೇಶದವರು ಮಾತಾಡುವುದನ್ನು ಕೇಳಿದಾಗ ನನಗೆ ನೆನಪಾಗುವುದು ಆ ಗದ್ದೆಯೇ.

ಆ ವನುವಾಟು ಒಂದು ದೊಡ್ಡ ಕೆಲಸ ಮಾಡಿತು. ಅಲ್ಲಿನ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಹುಟ್ಟುಹಾಕಿದ ಯೋಚನೆಯನ್ನು ಹಿಡಿದು ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. 2025ರ ಜುಲೈ 23ರಂದು ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ತಪ್ಪಿದರೆ ಪರಿಹಾರದ ಪ್ರಶ್ನೆಯೂ ಏಳಬಹುದು ಎಂದಿತು. ಇದು ಸಲಹಾ ಅಭಿಪ್ರಾಯ, ಆದೇಶವಲ್ಲ. ಆದರೂ ಇಷ್ಟು ವರ್ಷದಲ್ಲಿ 'ತಕ್ಕದ್ದು' ಎಂಬ ಧ್ವನಿ ಕೇಳಿದ್ದು ಅಲ್ಲಿಯೇ. ಇನ್ನು ನಷ್ಟ ಪರಿಹಾರ ನಿಧಿ ಅಂತ 2022ರಲ್ಲಿ ಈಜಿಪ್ಟಿನಲ್ಲಿ ಒಪ್ಪಿದ್ದಕ್ಕೆ ಬಂದ ವಾಗ್ದಾನ 70-80 ಕೋಟಿ ಡಾಲರ್. ನಮ್ಮಲ್ಲೇ ನೋಡಿ, 2023ರ ಬರದ ಪರಿಹಾರಕ್ಕೆ ನಮ್ಮ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಮಂಜೂರಾದದ್ದು 3,454 ಕೋಟಿ. ಒಂದೇ ದೇಶದೊಳಗೆ, ಸಂವಿಧಾನ ಇದ್ದೂ, ಹೀಗೆ. ಇನ್ನು ದೇಶ ದೇಶಗಳ ನಡುವೆ ಬೇರೆ ಏನನ್ನು ನಿರೀಕ್ಷಿಸುವುದು?

ನಮಗೆ ಮುಜುಗರ ತರುವ ಒಂದು ಮಾತನ್ನೂ ಹೇಳಿಬಿಡಬೇಕು. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಆಡದೆ ತಾಪ ಏರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು ಶೇ 30 ಇಳಿಸುತ್ತೇವೆ ಎಂದು ಕೂಡಿಕೊಂಡಾಗ ಭಾರತ ಸೇರಲಿಲ್ಲ. ಸಣ್ಣ ರೈತನ ಭತ್ತ, ಎಮ್ಮೆ, ಹಸು ಹೊಟ್ಟೆಪಾಡು, ಶ್ರೀಮಂತ ದೇಶದವರ ಕಾರು ಶೋಕಿ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂಬ ನಿಲುವು. ಅದು ಸರಿಯೇ. ಆದರೆ ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಮೀಥೇನೂ ಇಳಿಯುತ್ತದೆ, ನೀರೂ ಉಳಿಯುತ್ತದೆ. ಉಳಿದ ನೀರು ನಾಲೆಯ ಕೊನೆಗೆ ಹೋಗುತ್ತದೆ. ಬೇರೆಯವರು ಹೇಳಿದರು ಎಂಬ ಕಾರಣಕ್ಕೆ ನಮಗೇ ಲಾಭದ ಕೆಲಸವನ್ನು ದೂರ ಇಡಬೇಕೇ? ಆದರೆ ಒಂದು ಷರತ್ತು. ಬೇಕಾದಾಗ ನೀರು ಬರುತ್ತದೆ ಎಂಬ ಭರವಸೆ ಇದ್ದವನು ಮಾತ್ರ ಗದ್ದೆ ಒಣಗಲು ಬಿಡುತ್ತಾನೆ. ನಾಲೆಯ ಕೊನೆಯವನು ಬಿಡುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳುತ್ತಾನೆ. ದೇಶಗಳೂ ಕಲ್ಲಿದ್ದಲು ಬಿಡದೆ ಹಿಡಿದುಕೊಂಡಿರುವುದು ಬಹುಮಟ್ಟಿಗೆ ಇದೇ ಭಯಕ್ಕೆ. ಸಮ್ಮೇಳನಗಳು ಗುರಿಗಳ ಮೇಲೆ ಕಳೆದ ಹೊತ್ತಿನ ಕಾಲು ಭಾಗವನ್ನಾದರೂ ಈ ಭರವಸೆ ಹುಟ್ಟಿಸುವುದರ ಮೇಲೆ ಕಳೆದಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆಗಳಿಗೆ ಸಮಯ ಕಡಿಮೆ ಇತ್ತು, ಎರಡು ಮಾತ್ರ ಬಂದವು.

ಹಿಂದಿನ ಸಾಲಿನಲ್ಲಿ ಟವೆಲ್ ಹೆಗಲಿಗೆ ಹಾಕಿ ಕೂತಿದ್ದ ಹಿರಿಯರೊಬ್ಬರು ಎದ್ದರು. 'ಅಲ್ಲ ಸಾ, ನೀರು ಬುಡೋನೇ ಗೇಜು ಓದ್ಕಂಡ್ರೆ ಅದ್ಯಾವ ಸೀಮೆ ಲೆಕ್ಕ?' ಸಭೆ ನಕ್ಕಿತು. ಉಪಗ್ರಹಗಳು ಈಗ ಮೀಥೇನ್ ಸೋರಿಕೆಯನ್ನು ಮೇಲಿನಿಂದಲೇ ಪತ್ತೆ ಮಾಡುತ್ತಿವೆ, ಸುಳ್ಳು ಲೆಕ್ಕ ಕೊಡುವುದು ಕಷ್ಟವಾಗುತ್ತಿದೆ ಎಂದೆ. 'ಕಂಡ್ರೇನು, ಕೇಳೋರ್ ಯಾರು?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದು ಮದ್ದೂರು ಕಡೆಯ ಒಬ್ಬ ಹುಡುಗನದು. ಅವರ ಊರಿಗೆ ಯಾರೋ ಬಂದು, ಗದ್ದೆ ಒಣಗಿಸಿ ಕಟ್ಟಿದರೆ ಕಾರ್ಬನ್ ಕ್ರೆಡಿಟ್ (ಅನಿಲ ಇಳಿಸಿದ್ದನ್ನು ಲೆಕ್ಕ ಹಾಕಿ ಬೇರೆಯವರಿಗೆ ಮಾರುವುದು) ಅಂತ ಎಕರೆಗೆ ಇಷ್ಟು ದುಡ್ಡು ಕೊಡುತ್ತೇವೆ ಎಂದು ಕಾಗದ ಕೊಟ್ಟು ಹೋಗಿದ್ದಾರಂತೆ. 'ಸೈನ್ ಹಾಕ್ಬೋದಾ ಸಾರ್?' ಕಾಗದ ಯಾವ ಭಾಷೆಯಲ್ಲಿದೆ ಎಂದು ಕೇಳಿದೆ. ಇಂಗ್ಲಿಷ್. ಎಷ್ಟು ವರ್ಷಕ್ಕೆ? ಗೊತ್ತಿಲ್ಲ. ಯಾವ ವರ್ಷವಾದರೂ ಕಟ್ಟು ನೀರು ಬರದೆ ಹೇಳಿದ ಹಾಗೆ ಮಾಡಲಾಗದಿದ್ದರೆ ಏನು ಅಂತ ಬರೆದಿದ್ದಾರೆಯೇ? ಅವನು ಮೊಬೈಲು ತೆಗೆದು, ಆ ಕಾಗದದ ಫೋಟೊ ಹಿಗ್ಗಿಸಿ ಹುಡುಕತೊಡಗಿದ. ಪಕ್ಕದ ಇಬ್ಬರು ಬಗ್ಗಿ ನೋಡಿದರು. ಅಷ್ಟರಲ್ಲಿ ವಂದನಾರ್ಪಣೆಗೆ ಮೈಕು ಕೈ ಬದಲಾಯಿತು. ಕಾಫಿ ಹೊತ್ತಿನಲ್ಲಿ ಅವನೇ ಹತ್ತಿರ ಬಂದು ಹೇಳಿದ: 'ಅದೊಂದ್ ಬರ್ದಿಲ್ಲ ಸಾರ್.'